ಜಿಪ್ ಬಿಚ್ಚಿದರೆ ಸಾಲದು, ಮಗಳೇ

ನಿನ್ನ ಹುಡುಕಾಟದ ಸಾಫ್ಟ್‌ವೇರ್ ಚೆನ್ನಾಗಿದೆ. ಪರದೆ ತುಂಬ ಬಟನ್ ತುರುಕಿಲ್ಲ. ಪದ ಟೈಪ್ ಮಾಡುತ್ತಿದ್ದಂತೆ ಫಲಿತಾಂಶ ಬರುತ್ತದೆ, ಪಿಡಿಎಫ್ ಒಳಗಿನ ಸಾಲನ್ನೂ ಎತ್ತಿ ತೋರಿಸುತ್ತದೆ. ಆದರೆ ಅದನ್ನು ಪೋರ್ಟಬಲ್ ಎಂದು ಜನರ ಕೈಗೆ ಕೊಡುವ ಮುಂಚೆ ನಿನ್ನ ಹತ್ತಿರ ಸ್ವಲ್ಪ ಮಾತಾಡಬೇಕು. ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ, ಇನ್‌ಸ್ಟಾಲ್ ಮಾಡುವ ಗೋಜಿಲ್ಲ ಎಂದು ಬರೆದಿದ್ದೀಯ. ಕ್ಯಾಲ್ಕ್ಯುಲೇಟರಿಗೋ ನೋಟ್‌ಪ್ಯಾಡಿಗೋ ಅಷ್ಟಿದ್ದರೆ ಸಾಕು. ಹುಡುಕಾಟದ ಸಾಫ್ಟ್‌ವೇರಿಗೆ ಸಾಲದು. ಅದು ತನ್ನ ಜೊತೆಗೆ ಒಂದು ಇಂಡೆಕ್ಸ್ ಹೊತ್ತು ತಿರುಗುತ್ತದೆ, ಆ ಇಂಡೆಕ್ಸಿನೊಳಗೆ ಸಾವಿರಾರು ವಿಳಾಸಗಳಿರುತ್ತವೆ. ಪೆನ್‌ಡ್ರೈವ್ ಇನ್ನೊಂದು ಕಂಪ್ಯೂಟರಿಗೆ ಹೋದ ಮೇಲೂ ಆ ವಿಳಾಸಗಳು ನಿಜವಾಗಿರಬೇಕು. ನಿನ್ನ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲೇ.

ಇದನ್ನು ಯಾರು ಬಳಸುತ್ತಾರೆ ಯೋಚಿಸು. ಮನೆಯ ಲ್ಯಾಪ್‌ಟಾಪ್, ವಿಭಾಗದ ಕಂಪ್ಯೂಟರ್, ಲೈಬ್ರರಿಯ ಕಂಪ್ಯೂಟರ್ ಎಂದು ಮೂರು ಕಡೆ ಓಡಾಡುವ ಪಿಎಚ್‌ಡಿ ವಿದ್ಯಾರ್ಥಿ. ಕೋರ್ಟಿಗೂ ಕಚೇರಿಗೂ ತಿರುಗುವ ವಕೀಲರ ಜೂನಿಯರ್. ಹತ್ತು ವರ್ಷದ ಬರಹವನ್ನು ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡ ಜಿಲ್ಲಾ ವರದಿಗಾರ. ಇವರ್ಯಾರಿಗೂ ಆ ಕಂಪ್ಯೂಟರುಗಳ ಅಡ್ಮಿನ್ ಪಾಸ್‌ವರ್ಡ್ ಸಿಗುವುದಿಲ್ಲ, ಆದರೂ ಅವರ ಫೈಲು ಅವರಿಗೆ ಸಿಗಬೇಕು. ದೊಡ್ಡ ಕಂಪನಿಗಳು ಇವರನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲ. 2004ರಲ್ಲಿ ಬಂದ ಗೂಗಲ್ ಡೆಸ್ಕ್‌ಟಾಪ್ ಇರಲಿ, 2007ರಲ್ಲಿ ವಿಸ್ಟಾ ಜೊತೆ ಬಂದ ವಿಂಡೋಸ್ ಸರ್ಚ್ ಇರಲಿ, ಒಬ್ಬ ಮನುಷ್ಯನಿಗೆ ಒಂದೇ ಕಂಪ್ಯೂಟರು, ಅದೂ ಕೂತಲ್ಲೇ ಕೂತಿರುತ್ತದೆ ಎಂದುಕೊಂಡು ಕಟ್ಟಿದವು. ವಿಂಡೋಸ್‌ನ ಇಂಡೆಕ್ಸ್ ಇವತ್ತಿಗೂ ಸಿ ಡ್ರೈವಿನ ಪ್ರೋಗ್ರಾಂಡೇಟಾ ಫೋಲ್ಡರಿನಲ್ಲೇ ಕೂತಿರುತ್ತದೆ. 2005ರಲ್ಲಿ ಟೈಗರ್ ಜೊತೆ ಬಂದ ಮ್ಯಾಕ್‌ನ ಸ್ಪಾಟ್‌ಲೈಟ್ ಮಾತ್ರ ಒಂದು ಜಾಣ ಕೆಲಸ ಮಾಡಿತು. ಹೊರಗಿನ ಡಿಸ್ಕಿನ ಇಂಡೆಕ್ಸನ್ನು ಆ ಡಿಸ್ಕಿನಲ್ಲೇ ಒಂದು ಅಡಗಿದ ಫೋಲ್ಡರಿನಲ್ಲಿ ಇಟ್ಟಿತು. ಆದರೆ ಅದನ್ನು ಓದಲು ಇನ್ನೊಂದು ಮ್ಯಾಕ್ ಬೇಕು. ಇವೆಲ್ಲದರ ನಡುವೆ ಬಿದ್ದುಹೋದ ಜನರಿಗಾಗಿ ನೀನು ಕೆಲಸ ಮಾಡುತ್ತಿದ್ದೀಯ. ನನಗೆ ಇದರ ಬಗ್ಗೆ ಇಷ್ಟು ಕಾಳಜಿ ಇರುವುದು ಅದಕ್ಕೇ.

ಮೊದಲು ವಿಳಾಸದ ಮಾತು. ನಿನ್ನ ಇಂಡೆಕ್ಸಿನಲ್ಲಿ ಒಂದು ಫೈಲಿನ ದಾರಿ ಹೀಗೆ ದಾಖಲಾಗಿದೆ: ಇ:\ಸಂಶೋಧನೆ\ಸಂದರ್ಶನ\ಕೋಲಾರ.ಡಾಕ್ಸ್. ಅದೇ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಜಿ ಅಕ್ಷರ ಕೊಡಬಹುದು, ಎಚ್ ಕೊಡಬಹುದು. ಆಗ ಫಲಿತಾಂಶದ ಪಟ್ಟಿಯೇನೋ ಬರುತ್ತದೆ, ಕ್ಲಿಕ್ ಮಾಡಿದರೆ ಫೈಲ್ ಸಿಗಲಿಲ್ಲ ಎನ್ನುತ್ತದೆ. ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಬಳಸುವವರು ಅಪ್‌ಡೇಟ್ ಒತ್ತುತ್ತಾರೆ. ಇ ಡ್ರೈವಿನಲ್ಲಿ ಆ ಫೋಲ್ಡರೇ ಇಲ್ಲದ್ದನ್ನು ನೋಡಿ ನಿನ್ನ ಪ್ರೋಗ್ರಾಂ, ಫೈಲುಗಳೆಲ್ಲ ಅಳಿಸಿಹೋಗಿವೆ ಎಂದು ತಿಳಿದು ಇಂಡೆಕ್ಸನ್ನೇ ಖಾಲಿ ಮಾಡಿಬಿಡುತ್ತದೆ. ಡ್ರೈವ್ ಕಾಣಿಸದಿರುವುದು ಬೇರೆ, ಫೈಲ್ ಅಳಿಸಿಹೋಗುವುದು ಬೇರೆ. ಈ ಎರಡನ್ನೂ ನಿನ್ನ ಕೋಡ್ ಬೇರೆಬೇರೆಯಾಗಿಯೇ ನೋಡಬೇಕು. ಮೂಲ ಫೋಲ್ಡರೇ ಕೈಗೆ ಸಿಗದಿದ್ದರೆ ಇಂಡೆಕ್ಸಿನ ಒಂದು ಸಾಲನ್ನೂ ಮುಟ್ಟಬಾರದು.

ದಾರಿಯನ್ನು ಸಾಪೇಕ್ಷವಾಗಿ ಬರೆ. ಡಾಕ್‌ಫೆಚರ್ ನೋಡಿದ್ದೀಯಲ್ಲ, ಅದೂ ನಿನ್ನದರ ಹಾಗೆ ಜಾವಾ ಮತ್ತು ಲೂಸೀನ್ ಮೇಲೆ ನಿಂತದ್ದು. ಇಂಡೆಕ್ಸ್ ಮಾಡುವಾಗ, ಸಾಧ್ಯವಿದ್ದರೆ ಸಾಪೇಕ್ಷ ದಾರಿಯನ್ನೇ ಉಳಿಸು ಎಂಬ ಆಯ್ಕೆ ಅದರಲ್ಲಿದೆ. ಪ್ರೋಗ್ರಾಂ, ಇಂಡೆಕ್ಸ್, ಫೈಲು ಮೂರೂ ಒಂದೇ ಡ್ರೈವಿನಲ್ಲಿ ಒಟ್ಟಿಗೆ ಓಡಾಡುವವರೆಗೆ ಅದು ಸರಿಯಾಗಿ ನಡೆಯುತ್ತದೆ. ಆದರೆ ಸಾಪೇಕ್ಷ ಎಂದರೆ ಯಾವುದಕ್ಕೆ? ಪ್ರೋಗ್ರಾಂ ತಾನು ಕೂತಿರುವ ಫೋಲ್ಡರಿಗೆ, ಆ ಹೊತ್ತಿನ ವರ್ಕಿಂಗ್ ಡೈರೆಕ್ಟರಿಗೆ ಅಲ್ಲ. ಯಾರೋ ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಟ್ಟು ಅಲ್ಲಿಂದ ತೆರೆದರೆ ವರ್ಕಿಂಗ್ ಡೈರೆಕ್ಟರಿ ಎಲ್ಲಿ ಬೇಕಾದರೂ ಇರಬಹುದು. ಮತ್ತೆ, ಇಂಡೆಕ್ಸಿನೊಳಗೆ ಯಾವಾಗಲೂ ಮುಂದಕ್ಕೆ ವಾಲುವ ಗೆರೆಯನ್ನೇ ಬಳಸು. ಹಿಂದಕ್ಕೆ ವಾಲುವ ಗೆರೆಯನ್ನು ಲಿನಕ್ಸ್ ಫೈಲ್ ಹೆಸರಿನ ಒಂದು ಅಕ್ಷರ ಎಂದೇ ತಿಳಿಯುತ್ತದೆ.

ಪೆನ್‌ಡ್ರೈವಿನಲ್ಲಿ ಪ್ರೋಗ್ರಾಂ, ಫೈಲುಗಳು ಮಾತ್ರ ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ ಎಂದಾದರೆ ಸಾಪೇಕ್ಷ ದಾರಿ ಕೈಕೊಡುತ್ತದೆ. ವಿಂಡೋಸ್‌ನಲ್ಲಿ ಒಂದು ಡ್ರೈವಿನಿಂದ ಇನ್ನೊಂದಕ್ಕೆ ಅಂಥ ದಾರಿಯೇ ಇಲ್ಲ. ಅಲ್ಲಿ ಡಿಸ್ಕಿನ ಗುರುತನ್ನೇ ಹಿಡಿ. ಫ್ಯಾಟ್ ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ಅದಕ್ಕೆ 32 ಬಿಟ್‌ನ ಒಂದು ಸೀರಿಯಲ್ ನಂಬರ್ ಬೀಳುತ್ತದೆ. ವಿಂಡೋಸ್‌ನಲ್ಲಿ ವಾಲ್ ಕಮಾಂಡ್ ಕೊಟ್ಟರೆ ನಾಲ್ಕು ಅಕ್ಷರ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಕ್ಷರವಾಗಿ ಕಾಣುತ್ತದೆ. ಲಿನಕ್ಸ್ ಅದನ್ನೇ ಯುಯುಐಡಿ ಎಂದು ಅದೇ ರೂಪದಲ್ಲಿ ತೋರಿಸುತ್ತದೆ. ಎನ್‌ಟಿಎಫ್‌ಎಸ್ ಡಿಸ್ಕಾದರೆ ಎಚ್ಚರ: ಅಲ್ಲಿ ನಂಬರ್ 64 ಬಿಟ್‌ನದು, ವಿಂಡೋಸ್ ಅದರ ಕೆಳಗಿನ ಅರ್ಧವನ್ನಷ್ಟೇ ತೋರಿಸುತ್ತದೆ. ಈ ನಂಬರ್ ಮತ್ತು ಡಿಸ್ಕಿನ ಬೇರಿನಿಂದ ಹೊರಟ ದಾರಿ, ಇವೆರಡನ್ನು ಬರೆದಿಟ್ಟುಕೊಂಡರೆ ಅಕ್ಷರ ಯಾವುದಾದರೂ ಇರಲಿ, ಫೈಲು ಸಿಗುತ್ತದೆ.

ಇನ್ನು ಸಮಯ. ಫೈಲು ಬದಲಾಗಿದೆಯೇ ಎಂದು ತಿಳಿಯಲು ನೀನು ನೋಡುತ್ತಿರುವುದು ಅದನ್ನು ಕೊನೆಗೆ ತಿದ್ದಿದ ಹೊತ್ತನ್ನು ಮಾತ್ರ. ಮಾರುಕಟ್ಟೆಯಲ್ಲಿ ಸಿಗುವ ಪೆನ್‌ಡ್ರೈವುಗಳಲ್ಲಿ ಬಹಳಷ್ಟು ಇನ್ನೂ ಫ್ಯಾಟ್32. ಅದರಲ್ಲಿ ತಿದ್ದಿದ ಹೊತ್ತು ಎರಡು ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗುತ್ತದೆ, ಅದೂ ಆ ಕಂಪ್ಯೂಟರಿನ ಸ್ಥಳೀಯ ಸಮಯದಲ್ಲಿ. ಎನ್‌ಟಿಎಫ್‌ಎಸ್ ಆದರೆ ಯುಟಿಸಿಯಲ್ಲಿ, ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದವರೆಗೆ ಬರೆಯುತ್ತದೆ. ಮನೆಯ ಹಾರ್ಡ್‌ಡಿಸ್ಕಿನಿಂದ ಪೆನ್‌ಡ್ರೈವಿಗೆ ಕಾಪಿಯಾದ ಫೈಲಿನ ಹೊತ್ತು ಒಂದೆರಡು ಸೆಕೆಂಡು ಆಚೀಚೆ ಆಗುವುದು ಸಹಜ. ಗಡಿಯಾರವನ್ನು ಯುಟಿಸಿಗೆ ಇಟ್ಟ ಲಿನಕ್ಸ್ ಯಂತ್ರದಲ್ಲಿ ಅದೇ ಫೈಲು ಐದೂವರೆ ಗಂಟೆ ಸರಿದು ಕಾಣಬಹುದು. ಮಗಳ ಮನೆಗೆಂದು ಅಮೆರಿಕಕ್ಕೆ ಹೋದವರು ಅಲ್ಲಿ ಪೆನ್‌ಡ್ರೈವ್ ತೆರೆದರೆ ಎಲ್ಲ ಫೈಲುಗಳೂ ಬದಲಾದಂತೆ ಕಾಣುತ್ತವೆ. ನಿನ್ನ ಪ್ರೋಗ್ರಾಂ ಅಷ್ಟನ್ನೂ ಮತ್ತೆ ಮೊದಲಿಂದ ಓದಲು ಕೂರುತ್ತದೆ, ಪೆನ್‌ಡ್ರೈವಿನ ವೇಗದಲ್ಲಿ. ಕೆಲಸಕ್ಕೆ ಕೂತವರು ಕಾದು ಕಾದು ಮುಚ್ಚಿಬಿಡುತ್ತಾರೆ. ಆದ್ದರಿಂದ ಹೊತ್ತನ್ನು ಹೋಲಿಸುವಾಗ ಎರಡು ಸೆಕೆಂಡಿನ ಸಡಿಲ ಕೊಡು, ಗಾತ್ರವನ್ನೂ ಜೊತೆಗೆ ನೋಡು. ಗಾತ್ರ ಅಷ್ಟೇ ಇದ್ದು ಹೊತ್ತು ಮಾತ್ರ ಬೇರೆಯಾಗಿದ್ದರೆ ಒಳಗಿನ ಬೈಟುಗಳ ಹ್ಯಾಶ್ ತೆಗೆದು ಹೋಲಿಸು. ಹ್ಯಾಶ್ ತೆಗೆಯಲೂ ಫೈಲನ್ನು ಓದಬೇಕು ನಿಜ. ಆದರೆ ಪಿಡಿಎಫ್ ಬಿಡಿಸಿ ಪಠ್ಯ ಎತ್ತುವ ಕೆಲಸಕ್ಕೆ ಹೋಲಿಸಿದರೆ ಅದು ಎಷ್ಟೋ ಹಗುರ, ಇಂಡೆಕ್ಸಿಗೆ ಹೊಸದಾಗಿ ಬರೆಯುವುದೂ ತಪ್ಪುತ್ತದೆ.

ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳು, ಇದನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡುವವರು ಯಾರೂ ನಿನಗೆ ಹೇಳುವುದಿಲ್ಲ. ನಮ್ಮ ‘ಕೋಲಾರ’ ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆದಿಡಬಹುದು. ಸಾಮಾನ್ಯವಾಗಿ ಕ, ಅದರ ಮೇಲೆ ಓ ಸ್ವರಚಿಹ್ನೆ ಒಂದೇ ಸಂಕೇತವಾಗಿ, ಆಮೇಲೆ ಲ, ಆಕಾರದ ಚಿಹ್ನೆ, ರ. ಒಟ್ಟು ಐದು ಸಂಕೇತ. ಇನ್ನೊಂದು ಬಗೆಯಲ್ಲಿ ಆ ಓ ಚಿಹ್ನೆಯೇ ಬಿಡಿಯಾಗಿ ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಗುರುತು ಎಂದು ಮೂರಾಗುತ್ತದೆ. ಆಗ ಅದೇ ಹೆಸರಿಗೆ ಏಳು ಸಂಕೇತ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಫೈಲಿನ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿ ಜಿಪ್ ಮಾಡಿ ಕಳಿಸಿದ ಫೋಲ್ಡರಿನಲ್ಲಿ ಏಳು ಸಂಕೇತದ ಕೋಲಾರ ಬರುತ್ತದೆ. ಬಳಸುವವರು ಕೀಬೋರ್ಡಿನಲ್ಲಿ ಐದು ಸಂಕೇತದ ಕೋಲಾರ ಟೈಪ್ ಮಾಡುತ್ತಾರೆ. ಕಣ್ಣೆದುರಿಗೇ ಇರುವ ಫೈಲನ್ನು ನಿನ್ನ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಕೀ, ಕೇ, ಕೈ, ಕೊ, ಕೋ ಈ ಐದರಲ್ಲೂ ಇದೇ ಪಾಡು. ತಮಿಳು, ಮಲಯಾಳ, ಬಂಗಾಳಿಯಲ್ಲೂ ಇಂಥ ಸ್ವರಚಿಹ್ನೆಗಳಿವೆ.

ಪರಿಹಾರ ಕಷ್ಟದ್ದಲ್ಲ. ಹೋಲಿಸಲು ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದ ಒಂದು ಪ್ರತಿ ಇಟ್ಟುಕೋ. ಡಿಸ್ಕಿನಲ್ಲಿ ಹೆಸರು ಹೇಗಿತ್ತೋ ಹಾಗೇ ಇರುವ ಇನ್ನೊಂದು ಪ್ರತಿಯನ್ನು ಫೈಲ್ ತೆರೆಯಲು ಇಟ್ಟುಕೋ. ಎರಡನೆಯದನ್ನು ಮರೆತೆಯೋ, ಆಮೇಲೆ ಹುಡುಕಿದರೆ ಸಿಗುವ ಫೈಲು ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ. ಜೊತೆಗೆ, ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಒತ್ತಿನ ಆಚೆ ಕೂರುವ, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತವಿದೆಯಲ್ಲ, ಅದು ಒಬ್ಬರ ಕೀಬೋರ್ಡಿನಿಂದ ಬರುತ್ತದೆ, ಇನ್ನೊಬ್ಬರದರಿಂದ ಬರುವುದಿಲ್ಲ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹೋಲಿಸುವ ಪ್ರತಿಯಿಂದ ನೀನೇ ತೆಗೆಯಬೇಕು, ಹುಡುಕುವ ಪದದಿಂದಲೂ ತೆಗೆಯಬೇಕು.

ನುಡಿ ಫಾಂಟಿನಲ್ಲಿ ಬರೆದ ಹಳೆಯ ವರ್ಡ್ ಫೈಲುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಚೇರಿ, ಪತ್ರಿಕೆ, ವಿದ್ಯಾರ್ಥಿಗಳ ಪೆನ್‌ಡ್ರೈವುಗಳಲ್ಲಿ ಅಂಥವು ಇನ್ನೂ ಬೇಕಾದಷ್ಟಿವೆ. ಅವುಗಳ ಒಳಗಿರುವುದು ಕನ್ನಡದ ಯೂನಿಕೋಡ್ ಅಲ್ಲ, ಲ್ಯಾಟಿನ್ ಅಕ್ಷರಗಳ ರಾಶಿ. ಆ ಫಾಂಟು ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಡಾಕ್ಸ್ ಫೈಲಿನಲ್ಲಿ ಪ್ರತಿ ತುಣುಕಿನ ಫಾಂಟಿನ ಹೆಸರು ದಾಖಲಾಗಿರುತ್ತದೆ. ಅದನ್ನು ನೋಡಿ ಪಠ್ಯ ಎತ್ತುವಾಗಲೇ ಯೂನಿಕೋಡ್‌ಗೆ ತಿರುಗಿಸಿ ಇಂಡೆಕ್ಸ್ ಮಾಡು. ತಿರುಗಿಸುವ ಕೋಷ್ಟಕ ನಿನ್ನ ಫೋಲ್ಡರಿನಲ್ಲೇ ಇರಲಿ. ಆ ಕಂಪ್ಯೂಟರಿನಲ್ಲಿ ಫಾಂಟು ಇದೆಯೋ ಇಲ್ಲವೋ ನಿನಗೆ ಬೇಡವಾದ ಪ್ರಶ್ನೆಯಾಗಬೇಕು.

ಪಠ್ಯ ಎತ್ತುವ ವಿಚಾರ ಬಂತಲ್ಲ. ಪಿಡಿಎಫ್ ಓದಲು ನೀನು ವಿಂಡೋಸ್‌ನ ಐಫಿಲ್ಟರ್ ಬಳಸುತ್ತಿದ್ದೀಯ. ವೇಗವಾಗಿದೆ, ಒಪ್ಪುತ್ತೇನೆ. ಆದರೆ ಐಫಿಲ್ಟರ್ ಎನ್ನುವುದು ಆ ಕಂಪ್ಯೂಟರಿನಲ್ಲಿ ಇರುವ ಘಟಕ, ನಿನ್ನ ಜೊತೆ ಬರುವುದಲ್ಲ. ನಿನ್ನ ಲ್ಯಾಪ್‌ಟಾಪಿನಲ್ಲಿ ಆಫೀಸ್ ಇದೆ, ಪಿಡಿಎಫ್ ರೀಡರ್ ಇದೆ, ಹಾಗಾಗಿ ಎಲ್ಲ ಸಿಗುತ್ತದೆ. ಅವಿಲ್ಲದ ಯಂತ್ರದಲ್ಲಿ ಅದೇ ಪ್ರೋಗ್ರಾಂ ಅದೇ ಫೈಲಿನಿಂದ ಖಾಲಿ ಪಠ್ಯ ಪಡೆದು, ಅದನ್ನೇ ನಂಬಿ ಇಂಡೆಕ್ಸಿನಲ್ಲಿದ್ದ ಒಳ್ಳೆಯ ಪಠ್ಯದ ಮೇಲೆ ಬರೆದುಬಿಡಬಹುದು. ಪಿಡಿಎಫ್‌ಬಾಕ್ಸ್ ಮತ್ತು ಪಿಒಐ, ಇಲ್ಲವೇ ಇವೆರಡನ್ನೂ ಒಳಗಿಟ್ಟುಕೊಂಡ ಟಿಕಾವನ್ನು ಜೊತೆಯಲ್ಲೇ ಒಯ್ಯು. ಜಿಪ್ ದಪ್ಪವಾಗುತ್ತದೆ, ಆಗಲಿ. ಜಾವಾವನ್ನೂ ಒಯ್ಯಬೇಕು. ಜಾವಾ 9ರಿಂದ ಜೆಲಿಂಕ್ ಇದೆ, ಬೇಕಾದಷ್ಟೇ ಭಾಗ ಆರಿಸಿ ಚಿಕ್ಕ ರನ್‌ಟೈಮ್ ಕಟ್ಟಬಹುದು. ಸಾಧ್ಯವಾದರೆ ಜಾವಾ 18 ಅಥವಾ ಅದರ ಆಚೆಯದನ್ನೇ ಆರಿಸು. ಅದಕ್ಕೂ ಮುಂಚಿನ ಜಾವಾಗಳಲ್ಲಿ ಫೈಲ್ ಬರೆಯುವ ಸಹಜ ಸಂಕೇತಪದ್ಧತಿ ಆಯಾ ಕಂಪ್ಯೂಟರಿನ ಸೆಟ್ಟಿಂಗಿನಂತೆ ಬದಲಾಗುತ್ತಿತ್ತು. ನಿನ್ನ ಸೆಟ್ಟಿಂಗ್ಸ್ ಫೈಲಿನಲ್ಲಿ ‘ಸಂದರ್ಶನ’ ಎಂಬ ಫೋಲ್ಡರಿನ ಹೆಸರು ಒಂದು ವಿಂಡೋಸ್ ಯಂತ್ರಕ್ಕೆ ಹೋಗಿ ಬಂದಮೇಲೆ ಬರೀ ಪ್ರಶ್ನೆಚಿಹ್ನೆಗಳಾಗಿತ್ತಲ್ಲ, ಕಾರಣ ಅದೇ. ಯಾವ ಜಾವಾ ಆದರೂ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ ಬರೆಯುವ ಅಭ್ಯಾಸ ಮಾಡಿಕೋ.

ಬೇರೆಯವರ ಕಂಪ್ಯೂಟರಿನಲ್ಲಿ ನಿನ್ನ ಪ್ರೋಗ್ರಾಂ ನಂಟರ ಮನೆಗೆ ಹೋದ ಹಾಗೆ ಇರಬೇಕು, ಎದ್ದು ಹೊರಟಾಗ ಆ ಮನೆಯಲ್ಲಿ ತನ್ನದೆಂಬ ಸಾಮಾನು ಉಳಿಯಬಾರದು. ರಿಜಿಸ್ಟ್ರಿಗೆ ಬರೆಯುವುದಿಲ್ಲ ಎಂದು ನೀನು ಹೇಳಿದ್ದು ನಿಜ. ಆದರೆ ನೀನು ಬರೆಯದಿದ್ದರೂ ನಿನ್ನ ಲೈಬ್ರರಿಗಳು ಆ ಕಂಪ್ಯೂಟರಿನ ಡಿಸ್ಕಿಗೆ ಬರೆಯುತ್ತವೆ. ನೀನು ಬಳಸುವ ಎಸ್‌ಡಬ್ಲ್ಯೂಟಿ ತನ್ನ ನೇಟಿವ್ ಫೈಲುಗಳನ್ನು ಜಾರ್ ಒಳಗಿಂದ ಬಿಚ್ಚಿ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಇಡುತ್ತದೆ. ಪಿಡಿಎಫ್ ಬಿಡಿಸುವಾಗ ಟೆಂಪ್ ಫೋಲ್ಡರಿಗೆ ತುಂಡುಗಳು ಬೀಳುತ್ತವೆ. ವಕೀಲರ ಕಕ್ಷಿದಾರರ ಪತ್ರದ ಒಂದು ತುಂಡು ಸೈಬರ್ ಸೆಂಟರಿನ ಯಂತ್ರದಲ್ಲಿ ಉಳಿಯುವುದು ಸಣ್ಣ ವಿಷಯವಲ್ಲ ಕಣಮ್ಮ. ನೇಟಿವ್ ಫೈಲುಗಳನ್ನು ಮೊದಲೇ ಬಿಚ್ಚಿ ನಿನ್ನ ಫೋಲ್ಡರಿನಲ್ಲಿ ಇಡು. ಟೆಂಪ್ ಜಾಗವನ್ನೂ ಅಲ್ಲಿಗೇ ತಿರುಗಿಸು, ಮುಚ್ಚುವಾಗ ಗುಡಿಸು, ಕರೆಂಟು ಹೋಗಿ ಗುಡಿಸಲಾಗದಿದ್ದರೆ ಮುಂದಿನ ಸಲ ತೆರೆದ ಕೂಡಲೇ ಗುಡಿಸು. ಪೆನ್‌ಡ್ರೈವಿಗೆ ಬರೆಯಲು ಬಾರದ ಹಾಗೆ ಲಾಕ್ ಆಗಿದ್ದರೆ ಸದ್ದಿಲ್ಲದೆ ಸಿ ಡ್ರೈವಿಗೆ ಹೊರಳಿಕೊಳ್ಳಬೇಡ. ಹುಡುಕಬಹುದು, ಅಪ್‌ಡೇಟ್ ಮಾಡಲಾಗದು ಎಂದು ಮೇಲೆಯೇ ಬರೆದು ತೋರಿಸು.

ಕೆಲವು ಕಚೇರಿಗಳಲ್ಲಿ ಪೆನ್‌ಡ್ರೈವಿನಿಂದ ಪ್ರೋಗ್ರಾಂ ಓಡಿಸುವುದನ್ನೇ ತಡೆದಿರುತ್ತಾರೆ. 2008ರಿಂದ ಹಬ್ಬಿದ ಕಾನ್‌ಫಿಕರ್ ಹುಳ ಪೆನ್‌ಡ್ರೈವಿನ ಆಟೋರನ್ ಹಿಡಿದು ಓಡಾಡಿದ್ದನ್ನು ಕಂಡವರು ಆ ಎಚ್ಚರ ಬಿಟ್ಟಿಲ್ಲ. ಅದು ಅವರ ಮನೆಯ ಬಾಗಿಲು. ಆ ಬೀಗ ತಪ್ಪಿಸುವ ದಾರಿ ಹುಡುಕಲು ಹೋಗಬೇಡ.

ಜನ ಪೆನ್‌ಡ್ರೈವನ್ನು ಎಜೆಕ್ಟ್ ಮಾಡದೆ ಕಿತ್ತುಕೊಂಡು ಹೋಗುತ್ತಾರೆ. ಬಸ್ಸು ಹೊರಟಿರುತ್ತದೆ, ಅಂಗಡಿ ಮುಚ್ಚುತ್ತಿರುತ್ತಾರೆ, ಅವರನ್ನು ತಿದ್ದಲಾಗದು. ನಿನ್ನ ಇಂಡೆಕ್ಸ್ ಅದನ್ನು ತಾಳಬೇಕು. ಇಲ್ಲಿ ಲೂಸೀನ್ ನಿನ್ನ ಪರ ಇದೆ. ಅದು ಒಮ್ಮೆ ಬರೆದ ಸೆಗ್ಮೆಂಟನ್ನು ಮತ್ತೆ ತಿದ್ದುವುದಿಲ್ಲ, ಹೊಸದನ್ನು ಪಕ್ಕದಲ್ಲಿ ಬರೆದು ಕಮಿಟ್ ಆದಮೇಲೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನಡುವೆ ಕಿತ್ತರೆ ಹಿಂದಿನ ಕಮಿಟ್‌ಗೆ ಮರಳಬಹುದು. ಹಾಗಾಗಿ ಇಡೀ ಫೋಲ್ಡರ್ ಮುಗಿಯುವವರೆಗೆ ಕಾಯದೆ ಆಗಾಗ ಕಮಿಟ್ ಮಾಡು. ಆದರೆ ಒಂದೊಂದು ಫೈಲಿಗೂ ಮಾಡಬೇಡ, ಪೆನ್‌ಡ್ರೈವಿನ ಫ್ಲ್ಯಾಶಿಗೆ ಸಣ್ಣಸಣ್ಣ ಬರಹಗಳು ತುಂಬ ಭಾರ. ಸೆಗ್ಮೆಂಟ್‌ಗಳನ್ನು ಒಟ್ಟುಗೂಡಿಸುವಾಗ ಗಾತ್ರಕ್ಕೆ ಮಿತಿ ಹಾಕು, ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟಲಾಗದು.

ಮ್ಯಾಕ್ ಮತ್ತು ಲಿನಕ್ಸ್ ವಿಚಾರ ಬೇಗ ಮುಗಿಸುತ್ತೇನೆ. ಫ್ಯಾಟ್ ಪೆನ್‌ಡ್ರೈವಿಗೆ ಓಡಿಸುವ ಅನುಮತಿ ಎಂಬುದನ್ನು ದಾಖಲಿಸಲು ಬರುವುದಿಲ್ಲ, ಹಾಗಾಗಿ ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ನಿನ್ನ ಸ್ಕ್ರಿಪ್ಟು ಡಬಲ್ ಕ್ಲಿಕ್ಕಿಗೆ ಓಡುವುದೇ ಇಲ್ಲ. ಅದನ್ನು ಸೂಚನೆಯಲ್ಲಿ ಮೊದಲ ಸಾಲಿಗೇ ಬರೆ. ಮ್ಯಾಕ್‌ನಲ್ಲಿ 2016ರ ಸಿಯೆರಾದಿಂದ ಈಚೆಗೆ, ಡೌನ್‌ಲೋಡ್ ಮಾಡಿದ ಆಪ್ ಅನ್ನು ಬಿಚ್ಚಿದ ಜಾಗದಿಂದಲೇ ತೆರೆದರೆ ವ್ಯವಸ್ಥೆ ಅದನ್ನು ಎಲ್ಲೋ ಒಂದು ಯಾದೃಚ್ಛಿಕ, ಓದಲು ಮಾತ್ರವಾದ ದಾರಿಯಿಂದ ಓಡಿಸಬಹುದು. ಪಕ್ಕದಲ್ಲೇ ಇರುವ ಡೇಟಾ ಫೋಲ್ಡರ್ ಆಗ ನಿನ್ನ ಪ್ರೋಗ್ರಾಂಗೆ ಕಾಣುವುದಿಲ್ಲ. ಮೊದಲು ವಿಂಡೋಸ್ ಸರಿಮಾಡು, ಆಮೇಲೆ ಇವು.

ನಿನಗೆ ಎವೆರಿಥಿಂಗ್ ಎಂಬ ಹುಡುಕಾಟದ ಸಾಫ್ಟ್‌ವೇರಿನ ವೇಗದ ಮೇಲೆ ಆಸೆ ಇದೆ, ಗೊತ್ತು. ಅದು ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲನ್ನು ನೇರ ಓದಿ, ಬದಲಾವಣೆಗಳನ್ನು ಜರ್ನಲ್‌ನಿಂದ ಹಿಡಿಯುತ್ತದೆ. ಅದಕ್ಕೆ ಅಡ್ಮಿನ್ ಹಕ್ಕೋ, ಮೊದಲೇ ಹಾಕಿದ ಸರ್ವೀಸೋ ಬೇಕು. ಫ್ಯಾಟ್ ಡಿಸ್ಕಿನಲ್ಲಿ ಆ ಟೇಬಲೂ ಇಲ್ಲ, ಜರ್ನಲೂ ಇಲ್ಲ. ನಿನ್ನ ಜನರ ಹತ್ತಿರ ಅಡ್ಮಿನ್ ಹಕ್ಕೂ ಇರುವುದಿಲ್ಲ, ಆ ಸರ್ವೀಸೂ ಇರುವುದಿಲ್ಲ. ಪೆನ್‌ಡ್ರೈವ್ ಬೇರೆಲ್ಲೋ ಇದ್ದಾಗ ಫೈಲು ಬದಲಾದದ್ದು ನಿನ್ನ ಪ್ರೋಗ್ರಾಂಗೆ ತಿಳಿಯಲು ದಾರಿಯೂ ಇಲ್ಲ. ಇದನ್ನು ಮುಚ್ಚಿಡಬೇಡ. ಪ್ರತಿ ಫೋಲ್ಡರಿನ ಪಕ್ಕದಲ್ಲಿ ಕೊನೆಗೆ ಯಾವಾಗ ನೋಡಿದ್ದು ಎಂದು ತಾರೀಖು ಬರೆ. ಡಿಸ್ಕು ಈಗ ಕೈಗೆ ಸಿಗುತ್ತಿಲ್ಲವಾದರೆ ಫಲಿತಾಂಶವನ್ನು ಮಸುಕಾಗಿಸಿ ತೋರಿಸು. ಯಾವ ಡಿಸ್ಕಿನಲ್ಲಿದೆ ಎಂದು ಗೊತ್ತಾದರೆ ಅವರು ಮನೆಗೆ ಹೋಗಿ ಆ ಡಿಸ್ಕನ್ನೇ ತೆಗೆಯುತ್ತಾರೆ. ಅಷ್ಟೂ ದೊಡ್ಡ ಉಪಕಾರವೇ.

ಫೋಲ್ಡರನ್ನು ಎರಡು ಭಾಗ ಮಾಡು, ಒಂದರಲ್ಲಿ ಪ್ರೋಗ್ರಾಂ, ಇನ್ನೊಂದರಲ್ಲಿ ಸೆಟ್ಟಿಂಗ್ ಮತ್ತು ಇಂಡೆಕ್ಸ್. ಪೋರ್ಟಬಲ್‌ಆ್ಯಪ್ಸ್‌ನವರು ಆ್ಯಪ್, ಡೇಟಾ ಎಂದು ಎಷ್ಟೋ ವರ್ಷದಿಂದ ಹೀಗೆಯೇ ಇಡುತ್ತಾ ಬಂದಿದ್ದಾರೆ. ಹೊಸ ಆವೃತ್ತಿ ಬಂದಾಗ ಮೊದಲನೆಯದನ್ನು ಮಾತ್ರ ಬದಲಿಸಿದರೆ ಸಾಕು. ಇಂಡೆಕ್ಸಿನ ಮೇಲೆ ಆವೃತ್ತಿಯ ಸಂಖ್ಯೆ ಬರೆದಿಡು, ಏಕೆಂದರೆ ಲೂಸೀನ್‌ನ ಒಂದು ದೊಡ್ಡ ಆವೃತ್ತಿ ತನ್ನ ಹಿಂದಿನದು ಬರೆದದ್ದನ್ನು ಓದುತ್ತದೆ, ಅದಕ್ಕೂ ಹಿಂದಿನದನ್ನಲ್ಲ. ಮತ್ತೆ, ಇಂಡೆಕ್ಸ್ ಎಂದರೆ ಫೈಲುಗಳೊಳಗಿನ ಮಾತುಗಳೆಲ್ಲ ಇರುವ ಇನ್ನೊಂದು ಪ್ರತಿ. ಮೂಲ ಫೈಲನ್ನು ಅಳಿಸಿದರೂ ಅಪ್‌ಡೇಟ್ ಆಗುವವರೆಗೆ ಅವು ಇಲ್ಲಿ ಉಳಿದಿರುತ್ತವೆ. ಪೆನ್‌ಡ್ರೈವ್ ಕಳೆದರೆ ಅವೂ ಹೋದಂತೆಯೇ. ಯಾವ ಫೋಲ್ಡರನ್ನು ಇಂಡೆಕ್ಸ್ ಮಾಡಬಾರದು ಎಂದು ಹೇಳಲು ಒಂದು ಸುಲಭದ ಜಾಗ ಮೊದಲ ಪರದೆಯಲ್ಲೇ ಕೊಡು, ಸೆಟ್ಟಿಂಗ್ಸ್‌ನ ತಳದಲ್ಲಿ ಹುದುಗಿಸಬೇಡ.

ಈ ವಾರ ಬೇರೇನೂ ಹೊಸದು ಬರೆಯದೆ ಒಂದು ಪರೀಕ್ಷೆ ಮಾಡು. ಅಡ್ಮಿನ್ ಅಲ್ಲದ ಹೊಸ ಯೂಸರ್ ಒಂದನ್ನು ಮಾಡು. ಫ್ಯಾಟ್32 ಪೆನ್‌ಡ್ರೈವಿನಲ್ಲಿ ಕನ್ನಡ ಹೆಸರಿನ, ನಡುವೆ ಜಾಗ ಬಿಟ್ಟ ಹೆಸರಿನ ಫೋಲ್ಡರುಗಳನ್ನಿಟ್ಟು ಇಂಡೆಕ್ಸ್ ಮಾಡು. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಡ್ರೈವಿನ ಅಕ್ಷರ ಬದಲಿಸು, ಮತ್ತೆ ಹುಡುಕು, ಮತ್ತೆ ಅಪ್‌ಡೇಟ್ ಒತ್ತು. ಸಮಯ ವಲಯ ಬದಲಿಸಿ ಇನ್ನೊಮ್ಮೆ ಒತ್ತು. ಇಂಡೆಕ್ಸ್ ಆಗುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತು ಮತ್ತೆ ಹಾಕು. ಇದಿಷ್ಟೂ ನಡೆಯುವಾಗ ಹಿಂದೆ ಪ್ರೊಸೆಸ್ ಮಾನಿಟರ್ ಓಡುತ್ತಿರಲಿ. ನಿನ್ನ ಪ್ರೋಗ್ರಾಂ ಹೆಸರಿಗೆ ಫಿಲ್ಟರ್ ಹಾಕಿ, ಫೈಲ್ ಬರೆದದ್ದು ಮತ್ತು ರಿಜಿಸ್ಟ್ರಿ ಬರೆದದ್ದು ಮಾತ್ರ ಉಳಿಸಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ. ಅದರಲ್ಲಿ ಸಿ ಡ್ರೈವಿನ ಸಾಲು ಒಂದಾದರೂ ಇದ್ದು, ಅದು ಯಾವ ಲೈಬ್ರರಿಯಿಂದ ಬಂತೆಂದು ತಿಳಿಯದಿದ್ದರೆ ಆ ಲಾಗನ್ನು ನನಗೆ ಕಳಿಸು. ಭಾನುವಾರ ಕೂತು ಒಟ್ಟಿಗೆ ನೋಡೋಣ.